ಸೊನ್ನೆಯೊಳಗಿನ ಗೆರೆ

ಹೊಸ ಕಂಪ್ಯೂಟರಿನ ಅಕ್ಷರ ನನಗೆ ಹಿಡಿಸಲಿಲ್ಲ. ಅಷ್ಟೇ. ಯಾರಿಗಾದರೂ ಹೇಳಿದರೆ ನಗುತ್ತಾರೆ, ಅಕ್ಷರ ಹಿಡಿಸದೆ ಇರುವುದೂ ಒಂದು ಕಷ್ಟವೇ ಅಂತ. ನಾನೂ ಬೇರೆಯವರ ಬಾಯಿಂದ ಕೇಳಿದ್ದರೆ ನಗುತ್ತಿದ್ದೆ.

ನಾನಿರುವುದು ಒಂದು ಕುಡಿಯುವ ನೀರಿನ ಯೋಜನೆಯ ಕಂಟ್ರೋಲ್ ರೂಮಿನಲ್ಲಿ. ಚಿಕ್ಕನಾಯಕನಹಳ್ಳಿಯಿಂದ ಬಸ್ಸು ಹತ್ತಿ ಅರ್ಧ ಗಂಟೆ ಬಂದರೆ ಒಂದು ಕೆರೆ, ಕೆರೆ ಏರಿಯ ಕೆಳಗೆ ತೆಂಗಿನ ತೋಟ, ತೋಟದ ಪಕ್ಕದಲ್ಲಿ ನಮ್ಮ ಕಟ್ಟಡ. ಇಲ್ಲಿ ನೀರು ಶುದ್ಧ ಮಾಡಿ ನಲವತ್ತೆರಡು ಊರಿನ ಓವರ್‌ಹೆಡ್ ಟ್ಯಾಂಕುಗಳಿಗೆ ಕಳಿಸುತ್ತಾರೆ. ಪ್ರತಿ ಟ್ಯಾಂಕಿನಲ್ಲೂ ಒಂದು ಪೆಟ್ಟಿಗೆ ಇದೆ. ಟ್ಯಾಂಕಿನಲ್ಲಿ ನೂರಕ್ಕೆ ಎಷ್ಟು ಪಾಲು ನೀರಿದೆ, ಒಳಗೆ ನೀರು ಬಿಡುವ ವಾಲ್ವು ತೆರೆದಿದೆಯೋ ಮುಚ್ಚಿದೆಯೋ, ಅದನ್ನು ಆ ಪೆಟ್ಟಿಗೆ ಐದೈದು ನಿಮಿಷಕ್ಕೆ ನನಗೆ ಕಳಿಸುತ್ತದೆ. ಚಿತ್ರ ಇಲ್ಲ, ಬಣ್ಣದ ಗೊಂಬೆ ಇಲ್ಲ. ಕಪ್ಪು ಟರ್ಮಿನಲ್ ಕಿಟಕಿಯಲ್ಲಿ ಸಾಲು ಸಾಲು ಅಂಕಿ ಬರುತ್ತವೆ, ನೀರು ನೂರಕ್ಕೆ ಐದೇ ಇದ್ದರೂ ಸೊನ್ನೆ ಐದು ಅಂತ ಎರಡಂಕಿ. ನಾನು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಅದನ್ನು ನೋಡುತ್ತಾ ಕೂರಬೇಕು, ಬೇಕಾದಾಗ ಕೀಲಿ ಒತ್ತಿ ವಾಲ್ವು ತೆರೆಯಬೇಕು, ಮುಚ್ಚಬೇಕು.

ಮೊದಲು ಇಬ್ಬರಿದ್ದೆವು. ಇನ್ನೊಬ್ಬಾಕೆಯನ್ನು ಕಂಪನಿಯವರು ಬೇರೆ ಕಡೆ ಹಾಕಿದರು. ಆಕೆಯ ಕುರ್ಚಿ ಇನ್ನೂ ಪಕ್ಕದಲ್ಲೇ ಇದೆ, ಅದರ ಮೇಲೆ ನನ್ನ ಬುತ್ತಿಯ ಚೀಲ ಇಡುತ್ತೇನೆ. ಪಂಪ್ ಆಪರೇಟರ್ ಆ ಕಡೆ ಶೆಡ್ಡಿನಲ್ಲಿರುತ್ತಾನೆ. ಪಂಪಿನ ಸದ್ದಿನಲ್ಲಿ ಅವನಿಗೆ ನಾನು ಕರೆದರೂ ಕೇಳುವುದಿಲ್ಲ, ಕೇಳಿದರೂ ಬರುವುದಿಲ್ಲ. ಹಾಗಾಗಿ ದಿನಕ್ಕೆ ನಾನು ಆಡುವ ಮಾತೆಂದರೆ ಊರೂರಿನ ನೀರುಗಂಟಿಗಳ ಫೋನಿಗೆ ಕೊಡುವ ಉತ್ತರ ಮಾತ್ರ. ಟ್ಯಾಂಕಿನಿಂದ ನಲ್ಲಿಗಳಿಗೆ ನೀರು ಬಿಡುವವರು ಅವರು, ಪಂಚಾಯ್ತಿಯ ಕೆಳಗೆ ಇರುವವರು. ಎಷ್ಟೋ ದಿನ ಮನೆಗೆ ಹೋಗಿ ದೀಪ ಹಾಕುವಾಗ ಲೆಕ್ಕ ಹಾಕಿದ್ದೇನೆ, ಇವತ್ತು ನೀರಿನ ವಿಷಯ ಬಿಟ್ಟು ಒಂದು ಮಾತೂ ಆಡಲಿಲ್ಲವಲ್ಲ ಅಂತ. ಮದುವೆ ಆಗಲಿಲ್ಲ, ತಾಯಿ ಹೋದರು, ನಲವತ್ತೇಳು ತುಂಬಿತು. ಒಂಟಿತನ ಇತ್ತು, ಇದೆ. ಅದನ್ನು ಮುಚ್ಚಿಕೊಳ್ಳಲು ನನ್ನ ಬಳಿ ಇದ್ದದ್ದು ಒಂದು ಜೋರು ಬಾಯಿ.

ಹಳೆಯ ಕಂಪ್ಯೂಟರು ಮೇ ತಿಂಗಳ ಮೊದಲ ಮಳೆಗೆ ಹೋಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ತೋಟದ ಒಂದು ಮರಕ್ಕೆ ಸಿಡಿಲು ಬಡಿದು ಸುಳಿ ಹೊತ್ತಿಕೊಂಡಿತು. ಅದೇ ಕ್ಷಣದಲ್ಲಿ ನನ್ನ ಪರದೆಯೂ ಕಪ್ಪಾಯಿತು. ಒಂದು ವಾರ ಫೋನಿನ ಮೇಲೆಯೇ ನಲವತ್ತೆರಡು ಊರು ನಡೆಸಿದೆ. ನೀರುಗಂಟಿಗಳು ಟ್ಯಾಂಕು ನೋಡಿ ಹೇಳುವುದು, ನಾನು ಪಂಪಿನವನಿಗೆ ಹೇಳುವುದು. ಆಮೇಲೆ ಕಂಪನಿಯ ಸಿಸ್ಟಮ್ ಇಂಜಿನಿಯರು ಹೊಸದನ್ನು ಕೊರಿಯರ್ ಮಾಡಿದರು.

ಪರದೆ ದೊಡ್ಡದು, ಅಕ್ಷರ ಮಾತ್ರ ಕೂದಲೆಳೆ. ಬೂದು ಬಣ್ಣ ಬೇರೆ. ಮೊದಲ ದಿನ ಮಧ್ಯಾಹ್ನಕ್ಕೇ ಹಣೆ ಸಿಡಿಯತೊಡಗಿತು. ಇಂಜಿನಿಯರಿಗೆ ಫೋನ್ ಮಾಡಿದರೆ, ಫಾಂಟು ನಿಮ್ಮಿಷ್ಟ ಮೇಡಂ, ಯಾವುದು ಬೇಕೋ ಹಾಕಿಕೊಳ್ಳಿ, ಒಂದೇ ಅಗಲದ್ದು ಆಗಿದ್ದರೆ ಸಾಕು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ದನಿ ಇತ್ತು ಅದರಲ್ಲಿ. ನೀರು ಕಡಿಮೆಯಾದರೆ ಸಾಲು ಕೆಂಪಾಗಿ ಕೂಗುವ ವ್ಯವಸ್ಥೆ ಹಳೆಯದರಲ್ಲಿ ಇತ್ತಲ್ಲ, ಅದು ಇಲ್ಲಿಲ್ಲವಲ್ಲ ಅಂತ ಕೇಳಿದೆ. ಮುಂದಿನ ವಾರ ಮಾಡಿಕೊಡುತ್ತೇನೆ ಅಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಒಂದೇ ಅಗಲದ ಅಕ್ಷರ ಅಂದರೆ ಮೊಟ್ಟೆಯ ಟ್ರೇ ಇದ್ದ ಹಾಗೆ. ದೊಡ್ಡ ಮೊಟ್ಟೆಯಾಗಲಿ ಚಿಕ್ಕದಾಗಲಿ, ಒಂದಕ್ಕೆ ಒಂದು ಗುಳಿ. ಒಂದು ಎಂಬ ಅಂಕಿ ಸಣಕಲು, ಎಂಟು ದಪ್ಪ, ಆದರೂ ಎರಡಕ್ಕೂ ಅಷ್ಟೇ ಜಾಗ. ಆಗ ಒಂದು ಸಾಲಿನ ಅಂಕಿಯ ಕೆಳಗೆ ಇನ್ನೊಂದು ಸಾಲಿನ ಅಂಕಿ ನೇರ ಕೂರುತ್ತದೆ, ಕಣ್ಣು ಮೇಲಿಂದ ಕೆಳಕ್ಕೆ ಜಾರುತ್ತದೆ. ನಮ್ಮ ಕನ್ನಡ ಈ ಟ್ರೇಯಲ್ಲಿ ಕೂರುವುದಿಲ್ಲ. ಊರಿನ ಹೆಸರನ್ನೇ ಕನ್ನಡದಲ್ಲಿ ಹಾಕೋಣ ಅಂತ ಒಂದು ಬೆಳಗ್ಗೆ ಹಠ ಹಿಡಿದು ಹಾಕಿ ನೋಡಿದೆ. ಒತ್ತಕ್ಷರ ಬಂದಲ್ಲೆಲ್ಲ ಸಾಲು ಮುರಿದು, ಹನ್ನೊಂದನೇ ಊರಿನ ನೀರು ಹತ್ತನೇ ಊರಿನ ವಾಲ್ವಿನ ಕೆಳಗೆ ಹೋಗಿ ನಿಂತಿತು. ತೆಗೆದು ಹಾಕಿ, ಮತ್ತೆ ಟಿ ಒಂದು, ಟಿ ಎರಡು ಅಂತಲೇ ಇಟ್ಟೆ.

ಆಮೇಲೆ ಹತ್ತು ದಿನ ನಾನು ಮಾಡಿದ್ದು ಇದೇ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆ: ಯಾವ ಅಕ್ಷರ, ಎಷ್ಟು ಅಳತೆ, ಪರದೆಯಲ್ಲಿ ಎಷ್ಟು ಸಾಲು ಹಿಡಿಯಿತು, ಎಷ್ಟು ಗಂಟೆಗೆ ಕಣ್ಣು ಉರಿಯಿತು. ಇಂಗ್ಲಿಷ್ ಹೆಸರುಗಳು ನೆನಪಿನಲ್ಲಿ ನಿಲ್ಲದ್ದಕ್ಕೆ ನಾನೇ ಹೆಸರಿಟ್ಟೆ. ಮೊದಲನೆಯದು ಸಣಕಲ. ಎರಡನೆಯದು ದಪ್ಪಮ್ಮ, ಒಳ್ಳೆಯವಳೇ, ಆದರೆ ಇಪ್ಪತ್ತೇ ಸಾಲು ಹಿಡಿಸುತ್ತಿದ್ದಳು. ಮೂರನೆಯದಕ್ಕೆ ಟೈಪಿಸ್ಟ್ ಅಂತ ಕರೆದೆ, ಹಳೆಯ ಟೈಪ್‌ರೈಟರಿನಂತೆ ಕಾಲಿಗೆ ಕೈಗೆಲ್ಲ ಕೊಕ್ಕೆ. ಅಂತೂ ಒಂಬತ್ತು ಜನ ಬಂದರು, ಹೋದರು. ಹೆಣ್ಣು ನೋಡಲು ಬಂದವರ ಮುಂದೆ ನಾನು ಎಷ್ಟು ಸಲ ಕಾಫಿ ಲೋಟ ಹಿಡಿದು ನಿಂತಿದ್ದೇನೋ, ಈಗ ನಾನು ಆರಿಸುವ ಕಡೆ ಕೂತಿದ್ದೆ. ಸುಳ್ಳೇಕೆ, ಖುಷಿಯಾಗುತ್ತಿತ್ತು. ಇಡೀ ದಿನ ನೋಡುವ ಮುಖ ಅದೊಂದೇ ಅಲ್ಲವೇ.

ಒಂದು ಶನಿವಾರ ಅರ್ಧ ದಿನ ರಜೆ ಹಾಕಿ ತಿಪಟೂರಿಗೆ ಹೋಗಿ ಕಣ್ಣೂ ತೋರಿಸಿಕೊಂಡು ಬಂದೆ. ಅಂದು ಕೊಬ್ಬರಿ ಹರಾಜಿನ ದಿನ. ಲಾರಿಗಳ ನಡುವೆ ದಾರಿ ಮಾಡಿಕೊಂಡು ಕನ್ನಡಕದಂಗಡಿ ಸೇರುವಷ್ಟರಲ್ಲಿ ಸಾಕಾಯಿತು. ಬಲಗಣ್ಣಿಗೆ ಸಿಲಿಂಡರ್ ನಂಬರು ಬಂದಿದೆ, ಕಪ್ಪಿನ ಮೇಲೆ ಬಿಳಿ ಅಕ್ಷರ ನೋಡಿದರೆ ನಿಮಗೆ ಅಂಚು ಹರಡಿದಂತೆ ಕಾಣುತ್ತದೆ ಅಂದರು ಅಂಗಡಿಯವರು. ಹೊಸ ಗಾಜಿಗೆ ಎಂಟು ದಿನ ಹೇಳಿದರು.

ಎಂಟು ದಿನ ಕಾಯುವಷ್ಟು ತಾಳ್ಮೆ ನನಗೆಲ್ಲಿ. ಸೋಮವಾರ ಒಂದನ್ನು ಗಟ್ಟಿ ಮಾಡಿದೆ. ಅದಕ್ಕೆ ಶೋಕಿಲಾಲ ಅಂತ ಹೆಸರಿಟ್ಟಿದ್ದೆ. ತೀಡಿ ತೀಡಿ ಮಾಡಿದ ಅಕ್ಷರ, ನೋಡಲು ಚೆಂದ. ಇಂಟರ್ನೆಟ್ಟಿನಲ್ಲಿ ತಿಳಿದವರೆಲ್ಲ ಹೊಗಳಿದ್ದರು. ಇದರ ಸೊನ್ನೆಯೊಳಗೆ ಓರೆಯಾಗಿ ಒಂದು ಗೆರೆ ಇದೆ, ಹಾಗಾಗಿ ಸೊನ್ನೆಯನ್ನು ಇಂಗ್ಲಿಷಿನ ಓ ಅಕ್ಷರ ಎಂದು ಯಾರೂ ತಪ್ಪು ತಿಳಿಯುವುದಿಲ್ಲ, ಒಳ್ಳೆಯ ಟರ್ಮಿನಲ್ ಅಕ್ಷರಕ್ಕೆ ಇದೇ ಲಕ್ಷಣ ಅಂತ ಬರೆದಿದ್ದರು. ಅದಕ್ಕಿಂತ ನನಗೆ ಬೇಕಾದದ್ದು ಇನ್ನೊಂದು. ಅಳತೆಯನ್ನು ಹನ್ನೊಂದಕ್ಕೆ ಇಳಿಸಿದರೆ ನಲವತ್ತೆರಡು ಸಾಲೂ ಒಂದೇ ಪರದೆಯಲ್ಲಿ ಹಿಡಿಯುತ್ತಿದ್ದವು. ಮೇಲೆ ಕೆಳಗೆ ಸರಿಸುವ ಗೋಜಿಲ್ಲ, ಒಂದು ನೋಟಕ್ಕೆ ಎಲ್ಲ ಊರೂ. ಅಂದು ಸಂಜೆ ಬಸ್ಸಿನಲ್ಲಿ ಕೂತಾಗ ಏನೋ ಸಾಧಿಸಿದ ಹಾಗಿತ್ತು.

ಮಂಗಳವಾರ ಮತ್ತೆ ಗುಡುಗು ಮಳೆ. ನಮ್ಮ ರೂಮಿಗೆ ಏನೂ ಆಗಲಿಲ್ಲ.

ಬುಧವಾರ ಬೆಳಗ್ಗೆ ಹತ್ತಕ್ಕೆ ಟಿ ನಲವತ್ತೊಂದರ ನೀರುಗಂಟಿ ಫೋನ್ ಮಾಡಿದರು. ನಮ್ಮ ಪೈಪ್ ಲೈನಿನ ಕಟ್ಟಕಡೆಯ ಟ್ಯಾಂಕುಗಳಲ್ಲಿ ಅದೊಂದು, ಹುಳಿಯಾರಿನ ಕಡೆ ಕುರಿ ಸಾಕುವವರ ಹಟ್ಟಿ. ನೀರುಗಂಟಿಗೆ ಅರವತ್ತು ದಾಟಿದೆ. ಆರು ವರ್ಷದಿಂದ ಅವರ ದನಿ ಗೊತ್ತು, ಮುಖ ನೋಡಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಟ್ಯಾಂಕಿನಲ್ಲಿ ಎಷ್ಟಿದೆ ನೋಡಿ ಅಂದರು. ನೋಡಿದೆ. ಎಂಬತ್ತೆಂಟು. ವಾಲ್ವು ತೆರೆದಿದೆ ಅಂತಲೂ ಇತ್ತು.

"ಎಂಬತ್ತೆಂಟು ಇದೆ ಯಜಮಾನ್ರೆ. ನಲ್ಲಿಗೆ ನೀರು ಬಿಡುವ ನಿಮ್ಮ ಗೇಟ್‌ವಾಲ್ವು ಸರಿಯಾಗಿ ತಿರುಗಿಸಿ" ಅಂದೆ.

"ಅಂಗಾ? ನೀವ್ ಹೇಳಿದ್ ಮ್ಯಾಲೆ ಐತೆ ಬುಡಿ" ಅಂದರು.

ಗುರುವಾರ ಮತ್ತೆ ಮಾಡಿದರು. ಗೇಟ್‌ವಾಲ್ವು ಬಿಚ್ಚಿ ಜೋಡಿಸಿದರಂತೆ, ನೀರಿಲ್ಲವಂತೆ. ನಾನು ಆಗ ಬೇರೊಂದು ಊರಿನ ಪೈಪು ಒಡೆದ ಗಲಾಟೆಯಲ್ಲಿದ್ದೆ. ಪರದೆಯ ಕಡೆ ಕಣ್ಣು ಹಾಯಿಸಿದೆ, ಎಂಬತ್ತೆಂಟು. ಟ್ಯಾಂಕಿನ ತುಂಬ ನೀರಿಟ್ಟುಕೊಂಡು ನೀರಿಲ್ಲ ಅಂತೀರಲ್ಲ, ನಾನೇನು ಬಂದು ಲೋಟಕ್ಕೆ ಬಗ್ಗಿಸಿಕೊಡಲಾ ಅಂತ ರೇಗಿದೆ. ಹಾಗಾದರೆ ಕೆಳಗಿನ ಪೈಪಿನಲ್ಲೇ ಏನೋ ಸಿಕ್ಕಿಕೊಂಡಿರಬೇಕು, ನೋಡುತ್ತೇವೆ ಅಂದು ಇಟ್ಟರು.

ಒಂದು ಟ್ಯಾಂಕು ಎರಡು ದಿನ ಒಂದೇ ಅಂಕಿಯಲ್ಲಿ ಅಲ್ಲಾಡದೆ ನಿಲ್ಲುವುದು ಉಂಟೇ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂದು ನೋಟಕ್ಕೆ ನಲವತ್ತೆರಡು ಸಾಲು ಕಾಣುವಂತೆ ಮಾಡಿಕೊಂಡವಳಿಗೆ ಒಂದು ಸಾಲನ್ನೂ ನಿಂತು ನೋಡುವ ಅಭ್ಯಾಸ ತಪ್ಪಿತ್ತು.

ಶುಕ್ರವಾರ ಫೋನ್ ಬರಲಿಲ್ಲ. ಸರಿಹೋಯಿತು ಅಂದುಕೊಂಡೆ. ಶನಿವಾರ ಹನ್ನೊಂದು ಗಂಟೆಗೆ ಬಂತು.

"ಮೇಡಮ್ಮೋರೆ, ಟ್ಯಾಂಕಿನ ಬುಡದಿಂದ ಹಟ್ಟಿ ಬಾಗ್ಲುವರ್ಗೂ ಪೈಪೆಲ್ಲ ಅಗುದ್ ನೋಡುದ್ವಿ. ಎಲ್ಲೂ ಏನೂ ಸಿಕ್ಕೊಂಡಿಲ್ಲ. ಇನ್ನೊಂದ್ ಸಲ ನೋಡ್ತೀರಾ?"

ಇವರಿಗೆ ಓದಿ ಹೇಳಿಯೇ ಬಿಡುತ್ತೇನೆ ಅಂತ ಸಿಟ್ಟಿನಿಂದ ಅಕ್ಷರವನ್ನು ದೊಡ್ಡದು ಮಾಡಿದೆ. ಕೀಲಿಯನ್ನು ನಾಲ್ಕು ಸಲ ಒತ್ತಿದ್ದು ನೆನಪಿದೆ. ಒತ್ತಿದಂತೆ ಅಕ್ಷರ ಉಬ್ಬಿತು, ಎಂಟರ ಹೊಟ್ಟೆ ತೆರೆಯಿತು, ಒಳಗೆ ಓರೆಯಾಗಿ ಗೆರೆ ಕಂಡಿತು. ಎಂಟಲ್ಲ, ಸೊನ್ನೆ. ಪಕ್ಕದ್ದೂ ಸೊನ್ನೆ. ಹನ್ನೊಂದರ ಅಳತೆಯಲ್ಲಿ, ನನ್ನ ಬಲಗಣ್ಣಿನಲ್ಲಿ, ಆ ಗೆರೆ ಹರಡಿಕೊಂಡು ಸೊನ್ನೆಯನ್ನು ನಡುವೆ ಎರಡು ಮಾಡಿಬಿಟ್ಟಿತ್ತು.

ಟ್ಯಾಂಕಿನಲ್ಲಿ ಒಂದು ಹನಿ ನೀರಿಲ್ಲ. ನಾಲ್ಕು ದಿನದಿಂದ ಇಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತ ಊರವರಿಗೆಲ್ಲ ಅನ್ನುವವಳು ನಾನು. ಯಜಮಾನರಿಗೆ ಹೇಳಿದ್ದು ಇಷ್ಟೇ: ಸ್ವಲ್ಪ ಹೊತ್ತು ಇರಿ, ನೋಡುತ್ತೇನೆ. ನಿಜ ಹೇಳುವ ಧೈರ್ಯ ಬರಲಿಲ್ಲ. ವಾಲ್ವು ಮುಚ್ಚಿ ತೆರೆಯಲು ಕಮಾಂಡ್ ಕೊಟ್ಟೆ, ಆ ಕಡೆಯಿಂದ ಉತ್ತರವಿಲ್ಲ. ಮಂಗಳವಾರದ ಸಿಡಿಲಿಗೆ ವಾಲ್ವು ಮುಚ್ಚಿದ ಸ್ಥಿತಿಯಲ್ಲೇ ಅದರ ಮೋಟಾರು ಸುಟ್ಟುಹೋಗಿತ್ತು, ಪೆಟ್ಟಿಗೆ ಮಾತ್ರ ತೆರೆದಿದೆ ತೆರೆದಿದೆ ಅಂತ ಹಳೆಯದನ್ನೇ ಒದರುತ್ತಿತ್ತು. ವಾಲ್ವು ರಿಪೇರಿಯ ಫಿಟ್ಟರಿಗೆ ಫೋನ್ ಮಾಡಿ ಬೈಕಿನಲ್ಲಿ ಓಡಿಸಿದೆ. ಎರಡು ಗಂಟೆಗೆ ಅವನು ಕೈಯಲ್ಲೇ ವಾಲ್ವು ತಿರುಗಿಸಿದ. ನಾಲ್ಕೂವರೆಗೆ ಪರದೆಯಲ್ಲಿ ಹದಿನೇಳು ಬಂತು. ನಾಲ್ಕು ಸಲ ದೊಡ್ಡದು ಮಾಡಿ ಓದಿದೆ, ಹದಿನೇಳೇ.

ನಾಲ್ಕು ದಿನ ಒಂದು ಊರಿಗೆ ನೀರು ನಿಂತರೆ ವರದಿ ಕೊಡಬೇಕು. ಇಂಜಿನಿಯರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಕೆಟ್ಟವರಲ್ಲ, ನನ್ನನ್ನು ಉಳಿಸಲೆಂದೇ ಹೇಳಿದರು. ಮೇಡಂ, ಆಪರೇಟರ್ ತಪ್ಪು ಅಂತ ಬರೆದರೆ ಈ ರೂಮನ್ನೇ ಮುಚ್ಚಿ ಎಲ್ಲವನ್ನೂ ನಮ್ಮ ಆಫೀಸಿನಿಂದ ನೋಡಿಕೊಳ್ಳುತ್ತಾರೆ, ಮಾತು ಆಗಲೇ ನಡೆಯುತ್ತಿದೆ. ಟ್ಯಾಂಕು ಹತ್ತಿ ನೋಡುವುದು ನೀರುಗಂಟಿಯ ಕೆಲಸ. ಅವನು ನೋಡಲಿಲ್ಲ. ಹಾಗೆ ಬರೆಯಿರಿ.

ಸ್ಥಳೀಯ ನೀರುಗಂಟಿ ಟ್ಯಾಂಕನ್ನು ಪರಿಶೀಲಿಸಿ ಸಕಾಲಕ್ಕೆ ಮಾಹಿತಿ ನೀಡಿರುವುದಿಲ್ಲ. ಬರೆದೆ. ನಾನೇ ಟೈಪ್ ಮಾಡಿದ್ದು. ಒಂದು ಪ್ರತಿ ಕಂಪನಿಗೆ, ಒಂದು ಪಂಚಾಯ್ತಿಗೆ. ಕಳಿಸು ಅಂತ ಒತ್ತಿ, ಐದೂಕಾಲರ ಬಸ್ಸು ಹಿಡಿದು ಮನೆಗೆ ಹೋದೆ. ಅನ್ನ ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ಅನ್ನುತ್ತಿದ್ದುದು ಕಿವಿಯಲ್ಲೇ ಇತ್ತು.

ಭಾನುವಾರ ನನ್ನ ರಜೆ. ಬೆಳಗ್ಗೆ ಎದ್ದು ಹುಳಿಯಾರಿನ ಬಸ್ಸು ಹತ್ತಿದೆ. ಯಾಕೆ ಹೋಗುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಬೋರನಕಣಿವೆಯ ಕಡೆ ತಿರುಗುವ ರಸ್ತೆಯಲ್ಲಿ ಇಳಿದು, ಕೇಳಿಕೊಂಡು, ಎರಡು ಮೈಲಿ ನಡೆದೆ. ಅಲ್ಲಿ ತೆಂಗು ತೆಳ್ಳಗಾಗುತ್ತದೆ, ಕಲ್ಲು ಗುಡ್ಡ ಶುರುವಾಗುತ್ತದೆ. ದೂರದಿಂದಲೇ ಟ್ಯಾಂಕು ಕಂಡಿತು. ಆರು ವರ್ಷ ಟಿ ನಲವತ್ತೊಂದು ಅಂತ ನೋಡಿದ ಟ್ಯಾಂಕಿಗೆ ಸುಣ್ಣ ಹಚ್ಚಿದ್ದರು, ನೆರಳಿನಲ್ಲಿ ಕುರಿ ಮಲಗಿದ್ದವು.

ಪೈಪು ಅಗೆದು ನೋಡಿದೆವು ಅಂತ ನೀರುಗಂಟಿ ಫೋನಿನಲ್ಲಿ ಹೇಳಿದ್ದರು. ನಾನು ಅಲ್ಲೊಂದು ಗುಂಡಿ ಇಲ್ಲೊಂದು ಗುಂಡಿ ಅಂದುಕೊಂಡಿದ್ದೆ. ಟ್ಯಾಂಕಿನ ಬುಡದಿಂದ ಹಟ್ಟಿಯವರೆಗೆ, ಸೊಂಟದ ಆಳಕ್ಕೆ, ಉದ್ದಕ್ಕೂ ಒಂದೇ ಕಾಲುವೆ. ಕಲ್ಲು ನೆಲ. ಗಡಾರಿಯಲ್ಲಿ ಮೀಟಿ ಎತ್ತಿದ ಗುಂಡುಕಲ್ಲುಗಳು ಎರಡೂ ಕಡೆ ಬಿದ್ದಿದ್ದವು. ಗಂಡಸರು ಹೆಂಗಸರು ಎಲ್ಲ ಸೇರಿ ಎರಡು ದಿನದಲ್ಲಿ ಅಗೆದದ್ದಂತೆ, ಈಗ ಎಲ್ಲರೂ ಸೇರಿ ಮುಚ್ಚುತ್ತಿದ್ದರು. ಒಬ್ಬ ಹೆಂಗಸು ಮನೆಯಲ್ಲಿ ಬಾಣಂತಿ ಇರುವುದನ್ನು ಹೇಳಿದಳು. ಎರೆಯಲು ನೀರು ಬೇಕಲ್ಲ, ಒಂದೂವರೆ ಮೈಲಿ ಆಚೆಯ ತೋಟದ ಬೋರ್‌ವೆಲ್ಲಿನಿಂದ, ಕರೆಂಟು ಬಂದ ಹೊತ್ತಿಗೆ ಓಡಿ, ತಲೆಯ ಮೇಲೆ ಹೊತ್ತು ತಂದರಂತೆ. ದೂರುವ ದನಿ ಇರಲಿಲ್ಲ. ಊಟ ಏನು ಮಾಡಿದೆವು ಅಂತ ಹೇಳುವ ಹಾಗೆ ಹೇಳಿದಳು.

ನೀರುಗಂಟಿ ಕಾಲುವೆಯೊಳಗಿಂದ ಮೇಲೆ ಬಂದರು. ಸಣ್ಣ ಆಳು, ತಲೆಗೆ ಟವೆಲು. ನನ್ನ ದನಿ ಕೇಳಿದ ಮೇಲೆ ಯಾರು ಅಂತ ಗೊತ್ತಾಯಿತು. ಕೈ ಮುಗಿದು, ಮೂರ್ಮೂರು ಸಲ ಫೋನ್ ಮಾಡಿ ನಿಮಗೆ ತೊಂದರೆ ಕೊಟ್ಟೆ, ತಪ್ಪು ತಿಳಿಯಬೇಡಿ ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಟ್ಯಾಂಕಿಗೆ ಏಣಿ ಇದೆಯಲ್ಲ, ಹತ್ತಿ ನೋಡಬಾರದಿತ್ತೇ ಅಂತ ಕೇಳಿದೆ. ಆ ಪ್ರಶ್ನೆ ಕೇಳಲು ನನಗೆ ಅಧಿಕಾರ ಇರಲಿಲ್ಲ, ಆದರೂ ಕೇಳಿದೆ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅವರ ಅಪ್ಪ ಕೆಳಗಿನ ಊರಿನ ಕೆರೆಗೆ ನೀರುಗಂಟಿಯಾಗಿದ್ದವರು. ನೀರುಗಂಟಿ ಬಂದು ನೀರು ಬಿಟ್ಟಿದ್ದೇನೆ ಅಂದರೆ, ಗದ್ದೆಯವನು ಏರಿಯ ಮೇಲೆ ಹೋಗಿ ತೂಬು ಎತ್ತಿದೆಯೋ ಇಲ್ಲವೋ ಅಂತ ನೋಡುವಂತಿರಲಿಲ್ಲ. ಹೋದರೆ ನೀರುಗಂಟಿಯನ್ನು ಸುಳ್ಳುಗಾರ ಅಂದ ಹಾಗೆ. ಬದಲಿಗೆ ತನ್ನ ಗದ್ದೆಯ ಕಾಲುವೆಯಲ್ಲಿ ಏನು ಅಡ್ಡ ಬಿದ್ದಿದೆ ಅಂತ ಹುಡುಕಬೇಕಿತ್ತು. ಅದಕ್ಕೆ ಪ್ರತಿಯಾಗಿ ನೀರುಗಂಟಿಗೂ ಒಂದು ಕಟ್ಟಳೆ ಇತ್ತು. ತೂಬು ಎತ್ತಿದ ಮೇಲೆ ಕಾಲುವೆ ಹಿಡಿದು ನಡೆದು, ಕೊನೆಯ ಗದ್ದೆಗೆ ನೀರು ಹತ್ತಿದ್ದನ್ನು ಕಣ್ಣಾರೆ ನೋಡಿಯೇ ಮನೆಗೆ ಹೋಗಬೇಕು.

"ನನ್ ಟ್ಯಾಂಕಿಗೆ ನೀರ್ ಬುಡೋರು ನೀವು. ನಮ್ಗೆಲ್ಲ ಮ್ಯಾಲಿನ ನೀರುಗಂಟಿ ಇದ್ದಂಗೆ" ಅಂದರು. "ನೀವ್ ಐತೆ ಅಂದ್ ಮ್ಯಾಲೆ ನಾನ್ ಏಣಿ ಹತ್ತಿದ್ರೆ ಚೆಂದಾಗಿರ್ತಿತ್ತಾ?"

ಆರು ವರ್ಷದಲ್ಲಿ ನನಗೆ ಯಾರೂ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಿಲ್ಲ. ಇವರು ಕೊಡುತ್ತಿದ್ದುದು ನನಗೆ ತಿಳಿದೇ ಇರಲಿಲ್ಲ. ಆ ಮರ್ಯಾದೆಗೆ ನಾನು ಹಿಂದಿನ ಸಂಜೆಯೇ ಉತ್ತರ ಬರೆದು ಕಳಿಸಿದ್ದೆ. ಅಲ್ಲೇ, ಮಣ್ಣಿನ ಗುಡ್ಡೆಯ ಮೇಲೆ ಕೂತು, ಎಲ್ಲ ಹೇಳಿದೆ. ಎಂಬತ್ತೆಂಟು ಅಂತ ಓದಿದ್ದು ಸೊನ್ನೆ ಅಂತ, ವರದಿಯಲ್ಲಿ ಅವರ ಮೇಲೆ ಹಾಕಿದ್ದೇನೆ ಅಂತ. ಅಳು ಬಂತು, ಅತ್ತೆ. ಅವರು ಟವೆಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. ಬಿಸಿಲೇರುವ ಮೊದಲು ಬಸ್ಸು ಹಿಡಿಯಿರಿ ಅಂದು ಮತ್ತೆ ಕಾಲುವೆಗೆ ಇಳಿದರು.

ಸೋಮವಾರ ಎಂಟು ಗಂಟೆಗೆ ಮೊದಲ ಕೆಲಸವಾಗಿ ಇನ್ನೊಂದು ವರದಿ ಬರೆದೆ. ಹಿಂದಿನದು ತಪ್ಪು, ನೀರುಗಂಟಿ ಮೂರು ಬಾರಿ ಫೋನ್ ಮಾಡಿದ್ದಾರೆ, ಅಂಕಿಯನ್ನು ತಪ್ಪು ಓದಿದ್ದು ಆಪರೇಟರ್, ಅಂದರೆ ನಾನು. ಕಂಪನಿಗೊಂದು, ಪಂಚಾಯ್ತಿಗೊಂದು. ಇಂಜಿನಿಯರು ಫೋನ್ ಮಾಡಿ ನಿಮಗೇನಾಗಿದೆ ಮೇಡಂ ಅಂದರು. ರೂಮು ಮುಚ್ಚುವುದಾದರೆ ಮುಚ್ಚಿ ಅಂದೆ. ಸುಳ್ಳೇಕೆ, ಈ ರೂಮು ಹೋದರೆ ನನಗೆ ಬೇರೆ ಎಲ್ಲೂ ಹೋಗುವ ಜಾಗವಿಲ್ಲ.

ಆಮೇಲೆ ಅಕ್ಷರಕ್ಕೆ ಕೂತೆ. ಈ ಸಲ ಆರಿಸಿದ ರೀತಿಯೇ ಬೇರೆ. ಬೆಳಗ್ಗೆ, ಕಣ್ಣು ತಾಜಾ ಇರುವಾಗ, ಚೆಂದದ ಸಾಲು ಹಾಕಿ ನೋಡಲೇ ಇಲ್ಲ. ಸಂಜೆ ನಾಲ್ಕಕ್ಕೆ, ಪಶ್ಚಿಮದ ಕಿಟಕಿಯಿಂದ ಬಿಸಿಲು ಪರದೆಗೆ ಬಡಿಯುವಾಗ, ಕನ್ನಡಕವನ್ನೂ ತೆಗೆದಿಟ್ಟು, ಪರದೆಯ ತಳದಲ್ಲಿ ಒಂದು ಸಾಲು ಬರೆದೆ: ಸೊನ್ನೆ ಎಂಟು, ಎಂಟು ಸೊನ್ನೆ, ಆರು ಎಂಟು, ಸೊನ್ನೆ ಆರು, ಮೂರು ಎಂಟು. ಎದ್ದು ಮೂರು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ಗಟ್ಟಿಯಾಗಿ ಓದಿದೆ. ಒಂದು ತಪ್ಪಿದರೂ ಆ ಅಕ್ಷರ ಔಟು. ಶೋಕಿಲಾಲ ಮೊದಲನೇ ಸುತ್ತಿನಲ್ಲೇ ಹೋದ. ಟೈಪಿಸ್ಟ್ ಎರಡು ದಿನ ನಿಂತು ಮೂರು ಎಂಟರಲ್ಲಿ ಬಿದ್ದ.

ಆಗ ನನಗೆ ಒಂದು ಗೊತ್ತಾಯಿತು. ಸೊನ್ನೆಯೊಳಗೆ ಗೆರೆ ಇರಬೇಕು ಅಂತ ತಿಳಿದವರು ಹೇಳಿದ್ದು ಅವರ ಕೆಲಸಕ್ಕೆ ಸರಿ. ಅವರ ಪರದೆಯಲ್ಲಿ ಅಕ್ಷರ ಅಂಕಿ ಎಲ್ಲ ಕಲೆಸಿರುತ್ತವೆ, ಅವರಿಗೆ ಓ ಅಕ್ಷರದ ಭಯ. ನನ್ನ ಪರದೆಯಲ್ಲಿ ನೀರಿನ ಅಂಕಣದಲ್ಲಿ ಬರುವುದು ಬರೀ ಅಂಕಿ. ನನಗೆ ಭಯ ಇರಬೇಕಾದದ್ದು ಎಂಟರದು. ನನಗೆ ಬೇಕಾದದ್ದು ಖಾಲಿ ಸೊನ್ನೆ, ಒಳಗೆ ಗೆರೆಯೂ ಇಲ್ಲ ಚುಕ್ಕಿಯೂ ಇಲ್ಲ, ಬರಿದಾದ ಟ್ಯಾಂಕಿನಂತೆ ಬರಿದಾಗಿ ಕಾಣುವ ಸೊನ್ನೆ. ಅಂಥದ್ದು ದಪ್ಪಮ್ಮನಲ್ಲಿತ್ತು. ಅವಳನ್ನು ಇಪ್ಪತ್ತೇ ಸಾಲು ಹಿಡಿಸುತ್ತಾಳೆ ಅಂತ ಕಳಿಸಿಬಿಟ್ಟಿದ್ದೆ. ವಾಪಸು ಕರೆದೆ. ಅಳತೆ ಹದಿನೆಂಟು, ಬಿಳಿಯ ಮೇಲೆ ಕಪ್ಪು. ಸಾಲುಗಳ ಕ್ರಮವನ್ನೂ ತಿರುಗಿಸಿದೆ, ಲೈನಿನ ಕೊನೆಯ ಊರುಗಳು ಪರದೆಯ ಮೇಲುಗಡೆ ಬರುವಂತೆ. ಹತ್ತಿರದ ದೊಡ್ಡ ಊರುಗಳನ್ನು ನೋಡಬೇಕಾದರೆ ಕೆಳಗೆ ಸರಿಸಬೇಕು. ಅವರಿಗೆ ನೀರು ನಿಂತರೆ ಹತ್ತು ನಿಮಿಷದಲ್ಲಿ ಇಪ್ಪತ್ತು ಫೋನು ಬರುತ್ತದೆ, ಅವರ ಚಿಂತೆ ಇಲ್ಲ.

ಗುರುವಾರ ಕಂಪನಿಯಿಂದ ಮೆಮೊ ಬಂತು. ರೂಮಿನ ವಿಷಯ ಮಳೆಗಾಲ ಮುಗಿದ ಮೇಲೆ ತೀರ್ಮಾನ ಮಾಡುತ್ತಾರಂತೆ. ಪಂಚಾಯ್ತಿಯಿಂದ ಏನೂ ಬರಲಿಲ್ಲ. ನಾನೇ ಕಾರ್ಯದರ್ಶಿಗೆ ಫೋನ್ ಮಾಡಿದೆ. ನಿಮ್ಮ ಎರಡನೇ ಕಾಗದವೂ ಸಿಕ್ಕಿದೆ ಅಂದರು. ಆದರೆ ಮೊದಲನೆಯದು ನೋಡಿದ ದಿನವೇ ಬೇರೆಯವರನ್ನು ಹಾಕಿಕೊಂಡಾಗಿದೆ, ಹೇಗೂ ಆ ಮನುಷ್ಯನಿಗೆ ವಯಸ್ಸಾಗಿತ್ತು, ಯಾರಾದರೂ ಹಾಕಲೇಬೇಕಿತ್ತು, ನೀವು ತಲೆಬಿಸಿ ಮಾಡಿಕೊಳ್ಳಬೇಡಿ. ನಾನು ಜಗಳವಾಡಿದೆ. ನನಗೆ ಗೊತ್ತಿರುವ ಎಲ್ಲ ರೀತಿಯಲ್ಲೂ ಆಡಿದೆ. ಅವರು ಆಯ್ತು ಮೇಡಂ ಆಯ್ತು ಮೇಡಂ ಅನ್ನುತ್ತಾ ಇದ್ದರು.

ಮರುದಿನ ಬೆಳಗ್ಗೆ ಟಿ ನಲವತ್ತೊಂದರಿಂದ ಹೊಸ ದನಿ ಫೋನ್ ಮಾಡಿತು. ಎಷ್ಟಿದೆ ಅಂತ ಕೇಳಿತು, ಅರವತ್ತೆರಡು ಅಂದೆ, ಇಟ್ಟಿತು. ನಾನು ಹಳೆಯ ನಂಬರಿಗೆ ಮಾಡಿದೆ. ಯಜಮಾನರು ಯಾವುದೋ ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಹಿಂದೆ ಸಿಪ್ಪೆ ಸೀಳುವ ಸದ್ದು ಕೇಳುತ್ತಿತ್ತು. ಎರಡನೇ ವರದಿ ಕೊಟ್ಟೆ, ಜಗಳವಾಡಿದೆ, ಆಗಲಿಲ್ಲ ಅಂತ ಹೇಳಿದೆ.

"ಗೊತ್ತಾಯ್ತು. ಬುಡವ್ವ" ಅಂದರು. ಮೊದಲ ಸಲ ಮೇಡಮ್ಮೋರೆ ಅನ್ನಲಿಲ್ಲ. "ಈಗ ಕಣ್ಗೆ ಸರಿಯಾಗ್ ಕಾಣ್ತೈತಾ?"

"ಕಾಣುತ್ತೆ" ಅಂದೆ. ಅಕ್ಷರ ಬದಲಾಯಿಸಿದ್ದು, ದೊಡ್ಡದು ಮಾಡಿದ್ದು, ಬಿಳಿಯ ಮೇಲೆ ಕಪ್ಪು ಹಾಕಿದ್ದು, ಎಲ್ಲ ವಿವರಿಸಿದೆ. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೇನೋ. ಅವರು ಪೂರ್ತಿ ಕೇಳಿಸಿಕೊಂಡರು.

"ಒಳ್ಳೇದಾಯ್ತು" ಅಂದರು. ಆಮೇಲೆ, ಬೇರೇನೋ ನೆನಪಾದವರಂತೆ, "ಆದ್ರೂ ಇನ್ ಮ್ಯಾಲೆ ಯಾರಾನ ಫೋನ್ ಮಾಡಿ ನೀರಿಲ್ಲ ಅಂದ್ರೆ, ನಂಬು ಕಣವ್ವ" ಅಂದರು.